‘ಇದೇನು ಮಹಾ!’ ಎನ್ನುವ ಮೊದಲು

ಬೆಕ್ಕನ್ನು ಆಡಿಸುವುದಕ್ಕೂ ಒಂದು ಪೇಟೆಂಟ್ ಇದೆ. 1995ರ ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಕೊಟ್ಟದ್ದು, ಸಂಖ್ಯೆ 5,443,036. ಹೆಸರು ‘ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನ’. ಕೈಯಲ್ಲಿ ಹಿಡಿದ ಲೇಸರ್ ಟಾರ್ಚಿನಿಂದ ನೆಲದ ಮೇಲೆ ಬೆಳಕಿನ ಚುಕ್ಕೆ ಬೀಳಿಸಬೇಕು. ಬೆಕ್ಕು ಹಿಡಿಯಲು ಹಾರಿದಾಗ ಚುಕ್ಕೆಯನ್ನು ಅದರ ಪಂಜಕ್ಕೆ ಎಟುಕದ ಹಾಗೆ ಸರಿಸಬೇಕು. ಬೆಕ್ಕು ಬೆನ್ನಟ್ಟುತ್ತದೆ, ಅದಕ್ಕೆ ಕಸರತ್ತಾಗುತ್ತದೆ. ಶೋಧ ಇಷ್ಟೇ.

ಇಂಥ ಪೇಟೆಂಟ್‌ಗಳಿಗೆ ಬರವಿಲ್ಲ. ಬಿಯರ್ ಬಾಟಲಿಗೆ ಬಿಸಿಲು ತಾಗದಂತೆ ಅದರ ಕುತ್ತಿಗೆಗೆ ಸಿಕ್ಕಿಸುವ ಪುಟ್ಟ ಕೊಡೆಗೆ 2003ರಲ್ಲಿ ಪೇಟೆಂಟ್ ಸಿಕ್ಕಿತು. ಹೆರಿಗೆ ಸುಲಭವಾಗಲೆಂದು ಗರ್ಭಿಣಿಯನ್ನು ದುಂಡು ಮೇಜಿನ ಮೇಲೆ ಮಲಗಿಸಿ, ಬೆಲ್ಟು ಬಿಗಿದು, ಗಿರಗಿರನೆ ತಿರುಗಿಸುವ ಯಂತ್ರಕ್ಕೆ 1965ರಲ್ಲೇ ಸಿಕ್ಕಿತ್ತು. ಹೊರಬರುವ ಮಗುವನ್ನು ಹಿಡಿಯಲು ಅದರಲ್ಲೊಂದು ಬಲೆಯೂ ಇತ್ತು. ಓದಿದವರು ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ: ‘ಇದೇನು ಮಹಾ, ಇದಕ್ಕೂ ಸರ್ಕಾರ ಮೊಹರು ಒತ್ತಿತೇ?’

ಈ ನಗು ಮತ್ತು ಸಿಟ್ಟಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಒಂದು, ಇದು ಹುಚ್ಚಾಟವೇ ಎನ್ನುವುದು. ಇನ್ನೊಂದು, ಇದು ಯಾರಿಗಾದರೂ ಹೊಳೆಯುವಂಥದ್ದೇ ಎನ್ನುವುದು. ಗರ್ಭಿಣಿಯನ್ನು ತಿರುಗಿಸುವ ಯಂತ್ರ ಹುಚ್ಚಾಟವೇ ಸರಿ, ಆದರೆ ಅದು ಇನ್ನೊಬ್ಬರಿಗೆ ಹೊಳೆಯುತ್ತಿತ್ತೆಂದು ಯಾರೂ ಹೇಳಲಾರರು. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಕಲಮು ಕ್ಷುಲ್ಲಕ ಶೋಧಗಳನ್ನು ಹೊರಗಿಡುತ್ತದೆ, ನಿಜ. ಆದರೆ ಇಲ್ಲಾಗಲಿ ಬೇರೆಡೆಯಾಗಲಿ, ನಿಜವಾದ ಗುದ್ದಾಟ ನಡೆಯುವುದು ಎರಡನೆಯ ಪ್ರಶ್ನೆಯ ಮೇಲೆ. ವಸ್ತು ಹೊಸದಾಗಿದ್ದರೆ ಸಾಲದು, ಬಳಕೆಗೆ ಬಂದರೂ ಸಾಲದು; ಆ ಕಸುಬು ಬಲ್ಲವನಿಗೆ ಅದು ತಾನಾಗಿ ಹೊಳೆಯುವಂತಿರಬಾರದು. ಇದನ್ನು ತೂಗಿ ನೋಡುವವರು ಪೇಟೆಂಟ್ ಪರೀಕ್ಷಕರು. ಕರ್ನಾಟಕದಿಂದ ಹೋಗುವ ಅರ್ಜಿಗಳನ್ನು ನೋಡುವ ಚೆನ್ನೈ ಕಚೇರಿಯಿರಲಿ, ಮ್ಯೂನಿಕ್‌ನ ಯುರೋಪಿಯನ್ ಕಚೇರಿಯಿರಲಿ, ಅವರ ಕೆಲಸ ಹೊರಗಿನವರಿಗೆ ಕಾಣಿಸುವುದೇ ಇಲ್ಲ. ಅವರು ಎಡವಿದ ಕಡೆ ಮಾತ್ರ ಸುದ್ದಿಯಾಗುತ್ತದೆ. ಆದರೆ ಅದೊಂದು ಸೊಗಸಾದ ಕಸುಬು, ಹತ್ತಿರದಿಂದ ನೋಡಬೇಕಾದದ್ದು.

ಪರೀಕ್ಷಕರು ಶೀರ್ಷಿಕೆಗೆ ಮರುಳಾಗುವುದಿಲ್ಲ, ಚಿತ್ರಗಳಿಗೂ ಇಲ್ಲ. ಅವರ ಕಣ್ಣು ಹೋಗುವುದು ದಾಖಲೆಯ ಕೊನೆಗೆ, ಕ್ಲೇಮುಗಳತ್ತ. ಪೇಟೆಂಟ್ ಪತ್ರದಲ್ಲಿ ವಿವರಣೆ ಎಷ್ಟೇ ಪುಟಗಳಿರಲಿ, ಹಕ್ಕು ಹುಟ್ಟುವುದು ಕ್ಲೇಮಿನಲ್ಲಿ. ಒಂದೊಂದು ಕ್ಲೇಮೂ ಒಂದೇ ವಾಕ್ಯ, ಎಷ್ಟು ಉದ್ದವಾದರೂ ಒಂದೇ. ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಇದ್ದ ಹಾಗೆ ಇದು: ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಬರೆದದ್ದೇ ಗಡಿ, ಅದರಾಚೆ ಒಂದು ಗೇಣೂ ತನ್ನದಲ್ಲ.

ಬೆಕ್ಕಿನ ಪೇಟೆಂಟಿನ ಮೊದಲ ಕ್ಲೇಮನ್ನೇ ನೋಡಿ. ಅದು ‘ಬೆಕ್ಕನ್ನು ಆಡಿಸುವುದು’ ಎನ್ನುವುದಿಲ್ಲ. ಬೆಕ್ಕನ್ನು ಕಟ್ಟಿಹಾಕಿರಬಾರದು. ಬೆಳಕು ಲೇಸರಿನದೇ ಆಗಬೇಕು, ಆ ಉಪಕರಣ ಕೈಯಲ್ಲಿ ಹಿಡಿಯುವಂಥದ್ದಾಗಬೇಕು. ಚುಕ್ಕೆ ಬೀಳುವ ಜಾಗ ಪಾರದರ್ಶಕವಾಗಿರಬಾರದು. ಚುಕ್ಕೆ ಬೆಕ್ಕಿನ ಕಣ್ಣು ಸೆಳೆಯುವಂತಿರಬೇಕು ಮತ್ತು ಅದಕ್ಕೆ ಸಿಗದಂತೆ ಸರಿಯುತ್ತಿರಬೇಕು. ಒಂದೊಂದು ಪದವೂ ಒಂದೊಂದು ಗಡಿಕಲ್ಲು. ಸಾಮಾನ್ಯ ಟಾರ್ಚು ಬಳಸಿದವನು ಗಡಿಯ ಹೊರಗೆ, ನಾಯಿಯನ್ನು ಓಡಿಸಿದವನೂ ಹೊರಗೆ. ‘ಬೆಕ್ಕಾಟವನ್ನೇ ಕೊಂಡುಕೊಂಡರು’ ಎಂದು ನಗುವವರು ಶೀರ್ಷಿಕೆ ಓದಿರುತ್ತಾರೆ, ಕ್ಲೇಮು ಓದಿರುವುದಿಲ್ಲ.

ಕ್ಲೇಮನ್ನು ಹೀಗೆ ಬಿಡಿಬಿಡಿಯಾಗಿ ಬಿಚ್ಚಿದ ಮೇಲೆ ಹುಡುಕಾಟ. ಜಗತ್ತಿನ ಪೇಟೆಂಟ್‌ಗಳನ್ನೆಲ್ಲ ವಿಷಯವಾರು ವಿಂಗಡಿಸಿ, ಸಂಕೇತ ಕೊಟ್ಟು ಇಟ್ಟಿರುತ್ತಾರೆ. ಉಯ್ಯಾಲೆಗಳಿಗೆ ಎ63ಜಿ 9, ಸಾಕುಪ್ರಾಣಿಗಳ ತರಬೇತಿ ಮತ್ತು ವ್ಯಾಯಾಮದ ಸಲಕರಣೆಗಳಿಗೆ ಎ01ಕೆ 15, ಉರುಳುವ ಪೆಟ್ಟಿಗೆಗಳಿಗೆ ಎ45ಸಿ 5. ಆ ಗೂಡುಗಳಲ್ಲಿ, ಹಳೆಯ ನಿಯತಕಾಲಿಕೆಗಳಲ್ಲಿ, ಕಂಪನಿಗಳ ಕ್ಯಾಟಲಾಗ್‌ಗಳಲ್ಲಿ, ಅರ್ಜಿ ಹಾಕಿದ ದಿನಕ್ಕಿಂತ ಮುಂಚಿನ ಎಲ್ಲವನ್ನೂ ಜಾಲಾಡಬೇಕು. ದಿನಾಂಕ ಇಲ್ಲಿ ಪ್ರಾಣ. ಬೆಕ್ಕಿನ ಅರ್ಜಿ ಬಿದ್ದದ್ದು 1993ರಲ್ಲಿ. ಇಂದು ಲೇಸರ್ ಚುಕ್ಕೆಯ ಹಿಂದೆ ಓಡುವ ಬೆಕ್ಕನ್ನು ಕಾಣದವರಿಲ್ಲ. ಪರೀಕ್ಷಕರಿಗೆ ಆ ‘ಇಂದು’ ಲೆಕ್ಕಕ್ಕಿಲ್ಲ. ಕಡ್ಡಿಗೆ ಕಟ್ಟಿದ ದಾರ, ಉರುಳುವ ಚೆಂಡು, ಕನ್ನಡಿಯಿಂದ ಬೀಳಿಸಿದ ಬಿಸಿಲ ತುಣುಕು ಇವಿಷ್ಟೇ ಗೊತ್ತಿದ್ದ ಆಟಿಕೆ ತಯಾರಕನೊಬ್ಬ 1993ರಲ್ಲಿ ಲೇಸರಿಗೆ ಕೈಹಾಕುತ್ತಿದ್ದನೇ? ಕೇಳಬೇಕಾದದ್ದು ಅದು.

ಈ ಕಸುಬಿನ ನಿಜವಾದ ಕಷ್ಟ ಇಲ್ಲಿದೆ. ಉತ್ತರ ಗೊತ್ತಾದ ಮೇಲೆ ಯಾವ ಒಗಟೂ ಸುಲಭ. ಅರ್ಜಿ ಓದುವ ಪರೀಕ್ಷಕರ ಮುಂದೆ ಉತ್ತರ ಮೊದಲೇ ಬಂದು ಕೂತಿರುತ್ತದೆ. ತಿಳಿದದ್ದನ್ನು ಬದಿಗಿಟ್ಟು, ಶೋಧಕ್ಕಿಂತ ಮುಂಚಿನ ದಿನಕ್ಕೆ ಹಿಂತಿರುಗಿ, ಪ್ರಶ್ನೆ ಮಾತ್ರ ಕಾಣುತ್ತಿರುವ ಕಸುಬುದಾರನ ಜಾಗದಲ್ಲಿ ನಿಲ್ಲಬೇಕು. ಇದಕ್ಕೆ ಯುರೋಪಿಯನ್ ಕಚೇರಿ ಒಂದು ಶಿಸ್ತು ಕಟ್ಟಿಕೊಂಡಿದೆ. ಮೊದಲು, ಹಳೆಯದರಲ್ಲಿ ಅತಿ ಹತ್ತಿರದ್ದು ಯಾವುದೆಂದು ಗುರುತಿಸು. ಆಮೇಲೆ, ಹೊಸದಕ್ಕೂ ಅದಕ್ಕೂ ಇರುವ ವ್ಯತ್ಯಾಸ ಏನು, ಆ ವ್ಯತ್ಯಾಸದಿಂದ ಯಾವ ತೊಂದರೆ ತೀರಿತು ಎಂದು ಬರೆ. ಕೊನೆಗೆ, ಆ ತೊಂದರೆ ಎದುರಾದ ಕಸುಬುದಾರ ಇದೇ ದಾರಿ ಹಿಡಿಯುತ್ತಿದ್ದನೇ ಎಂದು ಕೇಳು. ‘ಹಿಡಿಯಬಹುದಿತ್ತು’ ಎಂದರೆ ಸಾಲದು, ‘ಹಿಡಿಯುತ್ತಿದ್ದ’ ಎನ್ನಲು ಕಾರಣ ತೋರಿಸಬೇಕು. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಎಷ್ಟೋ ಅರ್ಜಿಗಳ ಹಣೆಬರಹ ನಿಂತಿರುತ್ತದೆ.

ನಗೆಪಾಟಲಾದ ಸ್ಯಾಂಡ್‌ವಿಚ್ ಪೇಟೆಂಟಿಗೆ ಈ ಶಿಸ್ತನ್ನು ಹಚ್ಚಿ ನೋಡೋಣ. ಸಂಖ್ಯೆ 6,004,596, ಕೊಟ್ಟದ್ದು 1999ರ ಡಿಸೆಂಬರ್‌ನಲ್ಲಿ, ‘ಅಂಚು ಮುಚ್ಚಿದ, ಸಿಪ್ಪೆಯಿಲ್ಲದ ಸ್ಯಾಂಡ್‌ವಿಚ್’. ಹಕ್ಕು ಅಮೆರಿಕದ ಜಾಮ್ ಕಂಪನಿ ಸ್ಮಕರ್ಸ್‌ನದಾಗಿತ್ತು. ಕ್ಲೇಮು ಹೇಳುವುದಿಷ್ಟು: ಕೆಳಗೊಂದು ಬ್ರೆಡ್ಡಿನ ಪದರ, ಮೇಲೊಂದು ಪದರ, ನಡುವೆ ತಿನ್ನುವ ಹೂರಣ, ಎರಡೂ ಪದರಗಳ ಅಂಚನ್ನು ಒತ್ತಿ ಮುಚ್ಚಿರುವುದು, ಸುತ್ತಲಿನ ಗಟ್ಟಿ ಅಂಚನ್ನು ಕತ್ತರಿಸಿ ತೆಗೆದಿರುವುದು. ಇದನ್ನು ಓದಿ ಅಮೆರಿಕದ ತಾಯಂದಿರು ನಕ್ಕಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಅದೇ ಪತ್ರವನ್ನು ಇನ್ನಷ್ಟು ಒಳಗೆ ಓದಿದರೆ ಒಂದು ಜಾಣತನ ಸಿಗುತ್ತದೆ. ಜೆಲ್ಲಿಯಲ್ಲಿ ನೀರಿನಂಶವಿದೆ, ಬ್ರೆಡ್ಡಿಗೆ ತಾಗಿದರೆ ಅದು ಹೀರಿಕೊಂಡು ಮುದ್ದೆಯಾಗುತ್ತದೆ. ಮನೆಯಲ್ಲಿ ಮಾಡಿ ಕೂಡಲೇ ತಿಂದರೆ ಚಿಂತೆಯಿಲ್ಲ. ಕಾರ್ಖಾನೆಯಲ್ಲಿ ಮಾಡಿ, ಹೆಪ್ಪುಗಟ್ಟಿಸಿ, ದಿನಗಟ್ಟಲೆ ಕಳೆದು ಮಾರುವವರಿಗೆ ಇದು ದೊಡ್ಡ ತಲೆನೋವು. ಶೋಧಕರ ಉಪಾಯ ಹೀಗಿತ್ತು: ಎರಡೂ ಬ್ರೆಡ್ಡಿಗೆ ಒಳಗಿನಿಂದ ಶೇಂಗಾ ಬೆಣ್ಣೆ ಬಳಿದು, ಜೆಲ್ಲಿಯನ್ನು ಅದರ ನಡುವೆ ಸೆರೆಹಿಡಿಯುವುದು. ಎಣ್ಣೆಯ ಗೋಡೆಯನ್ನು ದಾಟಿ ನೀರು ಬ್ರೆಡ್ಡಿಗೆ ಹೋಗದು. ಇದು ನಿಜವಾದ ತೊಂದರೆಗೆ ಕಂಡುಕೊಂಡ ನಿಜವಾದ ಪರಿಹಾರ, ಸಣ್ಣದಾದರೂ.

ತಕರಾರು ಬಂದದ್ದು ಶೋಧದ ಬಗ್ಗೆ ಅಲ್ಲ, ಬೇಲಿಯ ಬಗ್ಗೆ. ಶೋಧ ಅಂಗೈಯಗಲ, ಬೇಲಿ ಊರಗಲ. ಮೊದಲ ಕ್ಲೇಮಿನಲ್ಲಿ ಶೇಂಗಾ ಬೆಣ್ಣೆಯ ಗೋಡೆಯ ಸುದ್ದಿಯೇ ಇಲ್ಲ, ‘ತಿನ್ನುವ ಹೂರಣ’ ಎಂದಷ್ಟೇ ಇದೆ. ಅಂಚು ಒತ್ತಿ ಹೂರಣ ಮುಚ್ಚುವ ವಿದ್ಯೆಯಂತೂ ಇಟಲಿಯ ರವಿಯೋಲಿಯಲ್ಲಿದೆ, ನಮ್ಮ ಕರ್ಜಿಕಾಯಿಯಲ್ಲಿದೆ. ಮಿಷಿಗನ್‌ನ ಒಂದು ಸಣ್ಣ ತಿನಿಸು ಕಂಪನಿಯ ಮೇಲೆ ಈ ಪೇಟೆಂಟ್ ಚಲಾಯಿಸಲು ಹೋದಾಗ ವಿವಾದ ಎದ್ದಿತು. ಇದೇ ಶೋಧವನ್ನು ಮುಂದುವರಿಸಿ ಹಾಕಿದ್ದ ಇನ್ನೆರಡು ಅರ್ಜಿಗಳನ್ನು ಪೇಟೆಂಟ್ ಕಚೇರಿ ತಿರಸ್ಕರಿಸಿತು. ಅಂಚು ಒತ್ತುವುದು ರವಿಯೋಲಿ ಮತ್ತು ಪೈ ಮಾಡುವಾಗಿನ ಹಳೆಯ ಕ್ರಮ ಎಂಬುದು ಕಚೇರಿಯ ವಾದ. 2005ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಆ ತಿರಸ್ಕಾರವನ್ನು ಎತ್ತಿಹಿಡಿಯಿತು. ನಗೆಗೀಡಾದ ಪೇಟೆಂಟ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ಒಳಗೆಲ್ಲೋ ಒಂದು ಸಣ್ಣ ಜಾಣ್ಮೆ ಇರುತ್ತದೆ, ಅದರ ಸುತ್ತ ವಕೀಲರು ಎಳೆದ ಗೆರೆ ಅತಿಯಾಗಿರುತ್ತದೆ. ಆ ಗೆರೆಯನ್ನು ಜಾಣ್ಮೆಯ ಅಳತೆಗೆ ಕುಗ್ಗಿಸುವುದೇ ಒಳ್ಳೆಯ ಪರೀಕ್ಷಕರ ಕೆಲಸ. ಅರ್ಜಿದಾರರಿಗೆ ಅವರು ಆಕ್ಷೇಪಗಳ ಪಟ್ಟಿ ಕಳಿಸುತ್ತಾರೆ, ಅರ್ಜಿದಾರರು ಒಂದು ಪದ ಸೇರಿಸಿ ಗಡಿ ಒಳಕ್ಕೆ ಸರಿಸುತ್ತಾರೆ, ಮತ್ತೆ ಆಕ್ಷೇಪ, ಮತ್ತೆ ಉತ್ತರ. ಹೀಗೆ ಹಗ್ಗಜಗ್ಗಾಟ ಮುಗಿದಾಗ ಉಳಿಯುವುದೇ ಪೇಟೆಂಟ್.

ಹಾಗಿದ್ದರೆ ತೀರಾ ಸುಲಭವಾದದ್ದು ಜರಡಿಯಲ್ಲಿ ಹೇಗೆ ಸೋರಿಹೋಗುತ್ತದೆ? ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ: ಅದು ತೀರಾ ಸುಲಭ ಎನ್ನುವುದೇ ಕಾರಣ. ಅಮೆರಿಕದ ಪೇಟೆಂಟ್ ವಕೀಲರೊಬ್ಬರು ಪೇಟೆಂಟ್ ಎಂದರೇನೆಂದು ಮಗನಿಗೆ ತೋರಿಸಲು, ಐದು ವರ್ಷದ ಆ ಹುಡುಗನ ಹೆಸರಿನಲ್ಲಿ 2000ದಲ್ಲಿ ಒಂದು ಅರ್ಜಿ ಹಾಕಿದರು. ಉಯ್ಯಾಲೆಯ ಮೇಲೆ ಕೂತು ಒಮ್ಮೆ ಎಡ ಸರಪಳಿ, ಒಮ್ಮೆ ಬಲ ಸರಪಳಿ ಜಗ್ಗುತ್ತ ಅಡ್ಡಡ್ಡ ತೂಗುವ ವಿಧಾನ ಅದು. 2002ರ ಏಪ್ರಿಲ್‌ನಲ್ಲಿ ಪೇಟೆಂಟ್ ಬಂದೇ ಬಂತು! ಜಗತ್ತಿನ ಮಕ್ಕಳೆಲ್ಲ ಹೀಗೆ ಆಡಿರುತ್ತಾರೆ, ಆದರೆ ಆಡಿದ ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ‘ನನಗೆ ಗೊತ್ತು’ ಎಂಬುದು ಪರೀಕ್ಷಕರ ಬಾಯಲ್ಲಿ ರುಜುವಾತಾಗದು. ಕಾಗದ ಬೇಕು, ಕಾಗದದ ಮೇಲೆ ದಿನಾಂಕ ಬೇಕು. ಕೊನೆಗೆ ಕಚೇರಿಯೇ ಮರುಪರೀಕ್ಷೆಗೆ ಎತ್ತಿಕೊಂಡು ಆ ಹಕ್ಕುಗಳನ್ನು ರದ್ದು ಮಾಡಿತು.

ಉಯ್ಯಾಲೆಯದು ತಮಾಷೆಯಾದರೆ ಅರಿಶಿನದ್ದು ತಮಾಷೆಯಲ್ಲ. ಗಾಯಕ್ಕೆ ಅರಿಶಿನ ಹಚ್ಚುವ ಬಳಕೆಗೆ 1995ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಭಾರತದ ಪ್ರತಿ ಅಡುಗೆಮನೆಗೂ ಇದು ಗೊತ್ತು ಎಂದು ಇಲ್ಲಿ ಕೂಗೆದ್ದಿತು. ಆದರೆ ಕೂಗಿನಿಂದ ಪೇಟೆಂಟ್ ಬೀಳುವುದಿಲ್ಲ. ಆರ್.ಎ. ಮಾಶೇಲ್ಕರ್ ಮುಂದಾಳತ್ವದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಕೂಗಾಟ ಬಿಟ್ಟು ಕಾಗದ ಹುಡುಕಿತು. ಹಳೆಯ ಸಂಸ್ಕೃತ ಗ್ರಂಥಗಳಿಂದ ಹಿಡಿದು ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಪ್ರಬಂಧದವರೆಗೆ 32 ದಾಖಲೆಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಅಜ್ಜಿಯ ಮದ್ದೇ, ಆದರೆ ಗೆಲ್ಲಿಸಿದ್ದು ಅಚ್ಚಾದ ಪುಟ. ಇದೇ ಪಾಠದಿಂದ ಭಾರತ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಕಟ್ಟಿ, ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಔಷಧ ಯೋಗಗಳನ್ನು ವಿದೇಶಿ ಪರೀಕ್ಷಕರು ಓದಬಲ್ಲ ರೂಪಕ್ಕೆ ತಂದಿತು.

ಹಳೆಯ ಎರಡು ವಸ್ತುಗಳನ್ನು ಜೋಡಿಸಿದ ಅರ್ಜಿಗಳದು ಇನ್ನೊಂದು ಬಗೆಯ ಪರೀಕ್ಷೆ. 1858ರಲ್ಲಿ ಹೈಮನ್ ಲಿಪ್‌ಮನ್ ಪೆನ್ಸಿಲ್ಲಿನ ತುದಿಗೆ ರಬ್ಬರು ಸೇರಿಸಿ ಪೇಟೆಂಟ್ ಪಡೆದ. ಆಮೇಲೆ ಅದನ್ನು ಭಾರಿ ಬೆಲೆ ತೆತ್ತು ಕೊಂಡವನ ಕೈಗೆ ಏನೂ ಉಳಿಯಲಿಲ್ಲ. 1875ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೇಳಿದ್ದು ಸರಳ ಪ್ರಶ್ನೆ: ಜೋಡಿಸಿದ ಮೇಲೆ ಹೊಸ ಕೆಲಸವೇನಾದರೂ ಆಯಿತೇ? ಪೆನ್ಸಿಲ್ಲು ಮೊದಲಿನ ಹಾಗೇ ಬರೆಯುತ್ತದೆ, ರಬ್ಬರು ಮೊದಲಿನ ಹಾಗೇ ಅಳಿಸುತ್ತದೆ. ಒಂದು ಇನ್ನೊಂದಕ್ಕೆ ಏನನ್ನೂ ಕೂಡಿಸಿಲ್ಲ. ನಮ್ಮ ಕಾಯ್ದೆಯ 3(ಎಫ್) ಕಲಮು ಹೇಳುವುದೂ ಇದನ್ನೇ: ತಂತಮ್ಮ ಪಾಡಿಗೆ ಕೆಲಸ ಮಾಡುವ ಹಳೆಯ ಸಾಧನಗಳನ್ನು ಒಟ್ಟಿಗಿಟ್ಟರೆ ಅದು ಶೋಧವಲ್ಲ.

ಭಾರತದಲ್ಲಿ ಈ ವಿಚಾರದ ದಾರಿದೀಪವಾದ ಮೊಕದ್ದಮೆ ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ವರ್ಕ್‌ಶಾಪುಗಳಲ್ಲಿ. ಅಲ್ಲಿ ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್ ತಟ್ಟೆಗಳನ್ನು ಲೇತಿನ ಹೆಡ್‌ಸ್ಟಾಕ್‌ಗೆ ಅಂಟಿನಿಂದಲೋ ಹಿಡಿಕೆಯಿಂದಲೋ ಸಿಕ್ಕಿಸಿ, ತಿರುಗಿಸಿ, ಕೆತ್ತಿ ಹೊಳಪು ಕೊಡುತ್ತಿದ್ದರು. ತಿರುಗುವ ತಟ್ಟೆ ಕಳಚಿ ಹಾರಿ ಕೆಲಸಗಾರನಿಗೆ ಬಡಿಯುವ ಅಪಾಯ ಇದ್ದೇ ಇತ್ತು. ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್‌ನವರು ತಟ್ಟೆಯನ್ನು ಎದುರು ಕಡೆಯಿಂದ ಟೇಲ್‌ಸ್ಟಾಕ್‌ನ ಒತ್ತಡದಲ್ಲಿ ಬಿಗಿಹಿಡಿಯುವ ವ್ಯವಸ್ಥೆ ಮಾಡಿ, 1951ರಲ್ಲಿ ಪೇಟೆಂಟ್ ಪಡೆದರು. ಕೆಲಸ ಚುರುಕಾಯಿತು, ಹೊಳಪು ಹೆಚ್ಚಿತು, ಜೀವಕ್ಕೂ ಭದ್ರತೆ ಬಂತು. ಅದೇ ಊರಿನ ಇನ್ನೊಂದು ಸಂಸ್ಥೆಯ ಮೇಲೆ ಹಾಕಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1978ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಪೇಟೆಂಟ್ ಬಿತ್ತು. ಲೇತಿನಲ್ಲಿ ವಸ್ತುವನ್ನು ಹೀಗೆ ಹಿಡಿಯುವುದು ದಶಕಗಳಿಂದ ಗೊತ್ತಿದ್ದದ್ದೇ. ಅದನ್ನು ಚೂರು ಬದಲಿಸಿ ಪಾತ್ರೆಗೆ ಹಚ್ಚಿದ್ದು ವರ್ಕ್‌ಶಾಪಿನ ಸುಧಾರಣೆಯೇ ಹೊರತು ಶೋಧವಲ್ಲ ಎಂದಿತು ನ್ಯಾಯಪೀಠ. ನುರಿತ ಕುಶಲಕರ್ಮಿಯ ಕೈಗೆ ಹಳೆಯ ದಾಖಲೆ ಮತ್ತು ಈ ತೊಂದರೆ ಎರಡನ್ನೂ ಕೊಟ್ಟರೆ, ಹೊಸ ಯಂತ್ರವನ್ನು ಕಾಣದೆಯೇ ಅವನು ‘ನನಗೆ ಬೇಕಾದದ್ದು ಇದರಲ್ಲೇ ಇದೆ’ ಎನ್ನುತ್ತಾನೆಯೇ ಎಂಬುದು ಆ ತೀರ್ಪು ಒಪ್ಪಿದ ಒರೆಗಲ್ಲು.

ಬೆಕ್ಕಿನ ಚುಕ್ಕೆಯನ್ನೂ ಮಿರ್ಜಾಪುರದ ಲೇತನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಬರೀ ಆಟ, ಪೇಟೆಂಟ್ ಪಡೆಯಿತು. ಇನ್ನೊಂದು ಕೈಕಾಲು ಉಳಿಸಿದ ಉಪಕಾರಿ ಯಂತ್ರ, ಕಳೆದುಕೊಂಡಿತು. ಅನ್ಯಾಯದಂತೆ ಕಂಡರೂ ಇದರಲ್ಲಿ ನ್ಯಾಯವಿದೆ. ಪೇಟೆಂಟ್ ಉಪಕಾರಕ್ಕೆ ಕೊಡುವ ಬಹುಮಾನವಲ್ಲ. ಶೋಧಕ ಗುಟ್ಟನ್ನು ಬಿಚ್ಚಿ ಹೇಳಿದ್ದಕ್ಕೆ ಪ್ರತಿಯಾಗಿ ಸಮಾಜ ಅವನಿಗೆ 20 ವರ್ಷದ ಏಕಸ್ವಾಮ್ಯ ಬಿಟ್ಟುಕೊಡುತ್ತದೆ. ಕಸುಬುದಾರರು ತಾವಾಗಿಯೇ ನಾಳೆಯೋ ನಾಡಿದ್ದೋ ಮಾಡಿಕೊಳ್ಳುತ್ತಿದ್ದುದಕ್ಕೆ ಸಮಾಜ ಈ ಬೆಲೆ ಯಾಕೆ ತೆರಬೇಕು? ಮಿರ್ಜಾಪುರದ ಪ್ರತಿ ಪಾತ್ರೆಗಾರನೂ ತನ್ನ ಲೇತನ್ನು ಸುರಕ್ಷಿತ ಮಾಡಿಕೊಳ್ಳಲು ಅನುಮತಿ ಕೇಳಬೇಕಾಗಿ ಬಂದರೆ ನಷ್ಟ ಯಾರಿಗೆ? ಲೇಸರ್ ಚುಕ್ಕೆಗೆ ಹಕ್ಕು ಕೊಟ್ಟರೆ ಯಾರ ಕಸುಬೂ ನಿಲ್ಲುವುದಿಲ್ಲ.

ಹಾಗಂತ ‘ಹಳೆಯದನ್ನು ಜೋಡಿಸಿದ್ದು, ತಳ್ಳಿಹಾಕಿ’ ಎಂದು ಹೊರಟರೂ ಅಪಾಯವೇ. ಪೆಟ್ಟಿಗೆ ಎಷ್ಟು ಹಳೆಯದೋ ಗಾಲಿಯೂ ಅಷ್ಟೇ ಹಳೆಯದು. ಸೂಟ್‌ಕೇಸ್ ಕಂಪನಿಯೊಂದರಲ್ಲಿದ್ದ ಅಮೆರಿಕದ ಬರ್ನಾರ್ಡ್ ಸ್ಯಾಡೋ 1970ರಲ್ಲಿ ಅರೂಬಾ ದ್ವೀಪದಿಂದ ಎರಡು ಭಾರದ ಪೆಟ್ಟಿಗೆ ಹೊತ್ತು ಬರುತ್ತಿದ್ದಾಗ, ಕೆಲಸಗಾರನೊಬ್ಬ ಗಾಲಿಯ ಹಲಗೆಯ ಮೇಲೆ ಯಂತ್ರವನ್ನು ಸಲೀಸಾಗಿ ತಳ್ಳಿಕೊಂಡು ಹೋಗುವುದನ್ನು ಕಂಡರು. ಸೂಟ್‌ಕೇಸಿಗೆ ನಾಲ್ಕು ಗಾಲಿ ಮತ್ತು ಎಳೆಯಲು ಒಂದು ಪಟ್ಟಿ ಜೋಡಿಸಿದರು. 1972ರಲ್ಲಿ ಪೇಟೆಂಟ್ ಬಂತು. ಇಷ್ಟು ಸುಲಭವಾದದ್ದು ಎಲ್ಲರಿಗೂ ಹೊಳೆದಿತ್ತು ಎನ್ನುವುದಾದರೆ, ದೊಡ್ಡ ಅಂಗಡಿಗಳು ಅದನ್ನು ಮೊದಲು ಬೇಡವೆಂದು ಕಳಿಸಿದ್ದೇಕೆ? ಗಾಲಿ ಬಂದ ಮೇಲೂ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಗಾಲಿ ಕೊಟ್ಟು, ಉದ್ದ ಹಿಡಿಕೆಯಿಂದ ಎಳೆಯುವ ಉಪಾಯಕ್ಕೆ 1987ರವರೆಗೆ ಕಾಯಬೇಕಾಯಿತು. ಅದು ಹೊಳೆದದ್ದು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕನಿಗೆ.

ಇಂಥ ಕಡೆ ಪರೀಕ್ಷಕರೂ ನ್ಯಾಯಾಧೀಶರೂ ಹೊರಗಿನ ಕುರುಹುಗಳನ್ನು ನೋಡುತ್ತಾರೆ. ಈ ತೊಂದರೆಯನ್ನು ಜನ ಎಷ್ಟು ಕಾಲ ಅನುಭವಿಸಿದ್ದರು? ಬೇರೆಯವರು ಪ್ರಯತ್ನಿಸಿ ಸೋತಿದ್ದರೇ? ಬಲ್ಲವರು ‘ಇದು ಆಗದ ಹೋಗದ ಮಾತು’ ಎಂದಿದ್ದರೇ? ಬಂದ ಮೇಲೆ ಪೈಪೋಟಿಗಾರರು ಮುಗಿಬಿದ್ದು ನಕಲು ಮಾಡಿದರೇ? ಉತ್ತರ ಹೌದೆಂದಾದರೆ, ನಮಗೆ ಈಗ ಸುಲಭವೆನಿಸುವುದು ಆಗ ಸುಲಭವಾಗಿರಲಿಲ್ಲ. ಚೆನ್ನಾಗಿ ಮಾರಾಟವಾಯಿತು ಎಂಬುದನ್ನು ಮಾತ್ರ ಅವರು ಅನುಮಾನದಿಂದಲೇ ನೋಡುತ್ತಾರೆ. ಜಾಹೀರಾತಿಗೂ ಆ ಶಕ್ತಿ ಇದೆಯಲ್ಲ. ಇನ್ನೊಂದು ಬದಿಯ ಎಚ್ಚರಿಕೆಯನ್ನು 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟಿತು. ಕಾರಿನ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಸೇರಿಸಿದ ಮೊಕದ್ದಮೆ ಅದು. ಕಸುಬುದಾರನೆಂದರೆ ಪುಸ್ತಕದಲ್ಲಿ ಬರೆದಷ್ಟನ್ನೇ ಮಾಡುವ ಯಂತ್ರವಲ್ಲ, ಅವನಿಗೂ ತಕ್ಕಮಟ್ಟಿನ ಕಲ್ಪನೆಯಿದೆ ಎಂದು ಹೇಳಿ ಪೇಟೆಂಟನ್ನು ತಳ್ಳಿಹಾಕಿತು.

ಈ ಕಸುಬು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯ ತೋರಿಸಿಕೊಟ್ಟಿದೆ. 2001ರಲ್ಲಿ ಆ ದೇಶ ‘ಇನ್ನೊವೇಶನ್ ಪೇಟೆಂಟ್’ ಎಂಬ ಸುಲಭ ದಾರಿ ತೆರೆಯಿತು. ನಮೂನೆ ಸರಿಯಾಗಿದ್ದರೆ ಸಾಕು, ಒಳಗಿನ ಹೂರಣವನ್ನು ನೋಡದೆಯೇ ಪೇಟೆಂಟ್. ಚಲಾಯಿಸಬೇಕಾದಾಗ ಮಾತ್ರ ಪರೀಕ್ಷೆ. ಇದರ ಪೊಳ್ಳನ್ನು ತೋರಿಸಲೆಂದು ಮೆಲ್ಬರ್ನಿನ ವಕೀಲರೊಬ್ಬರು ‘ವೃತ್ತಾಕಾರದ ಸಾರಿಗೆ ಸಹಾಯಕ ಸಾಧನ’ಕ್ಕೆ ಅರ್ಜಿ ಹಾಕಿದರು. ಪೇಟೆಂಟ್ ಬಂತು. ಅವರು ಬಣ್ಣಿಸಿದ್ದು ಚಕ್ರವನ್ನು. ಆ ವರ್ಷದ ಇಗ್ ನೊಬೆಲ್ ಎಂಬ ಅಣಕು ಬಹುಮಾನವನ್ನು ವಕೀಲರಿಗೂ ಆಸ್ಟ್ರೇಲಿಯದ ಪೇಟೆಂಟ್ ಕಚೇರಿಗೂ ಹಂಚಿದರು. 2021ರ ಆಗಸ್ಟ್‌ನಿಂದ ಆ ದಾರಿಯಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಲಾಯಿತು.

ಪರೀಕ್ಷಕರು ಸರ್ವಜ್ಞರಲ್ಲ. ಒಂದು ಅರ್ಜಿಗೆ ಅವರಿಗೆ ಸಿಗುವ ಹೊತ್ತು ಕಡಿಮೆ, ಹುಡುಕಬೇಕಾದ ಕಾಗದ ಅಪಾರ. ಅದಕ್ಕೇ ನಮ್ಮ ಕಾಯ್ದೆಯ 25ನೇ ಕಲಮು, ಅರ್ಜಿ ಪ್ರಕಟವಾದ ಮೇಲೆ ಪೇಟೆಂಟ್ ಕೊಡುವುದಕ್ಕೆ ಮುಂಚೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು ಎನ್ನುತ್ತದೆ. ವಿರೋಧಿಸುವವರು ವಿಜ್ಞಾನಿಯೋ ವ್ಯಾಪಾರಿಯೋ ಆಗಿರಬೇಕಿಲ್ಲ, ಆಧಾರ ಕೈಯಲ್ಲಿದ್ದರೆ ಸಾಕು. ಆ ಆಧಾರ ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ. ಹಳೆಯ ಕನ್ನಡ ವಾರಪತ್ರಿಕೆಯ ಅಡುಗೆ ಅಂಕಣ, ಕೃಷಿ ಮಾಸಿಕದಲ್ಲಿ ರೈತನೊಬ್ಬ ಬರೆದ ನೀರೆತ್ತುವ ಉಪಾಯ, ಮನೆಮದ್ದಿನ ಪುಸ್ತಿಕೆಯ ಒಂದು ಪುಟ ಇವೆಲ್ಲ ತರ್ಜುಮೆಯೊಂದಿಗೆ ಸಾಕ್ಷಿಗೆ ನಿಲ್ಲುತ್ತವೆ. ‘ಇದೇನು ಮಹಾ, ನಮ್ಮಲ್ಲಿ ಮೊದಲಿನಿಂದಲೂ ಇದೆ’ ಎಂದು ಇನ್ನೊಮ್ಮೆ ಅನಿಸಿದರೆ, ಆ ಮಾತು ಎಲ್ಲಿ, ಯಾವ ವರ್ಷ ಅಚ್ಚಾಗಿದೆ ಎಂದು ಹುಡುಕಿ ತೆಗೆಯಿರಿ. ಪರೀಕ್ಷಕರಿಗೆ ಬೇಕಾದದ್ದೂ ಅದೇ.